ಹಬ್ಬಕ್ಕೆ ಸಕ್ಕರೆ ಹಣ್ಣು: ಕಾಸರಗೋಡಿನ ಹವೆಗೆ ಯಾವ ವಿಧಾನ ಒಗ್ಗುತ್ತದೆ?

ಸಕ್ಕರೆ ಹಣ್ಣು ಎಂಬ ಒಂದೇ ಹೆಸರಿನಲ್ಲಿ ನಾಲ್ಕು ಬೇರೆ ಬೇರೆ ತಿಂಡಿಗಳಿವೆ. ನೇಂದ್ರ ಬಾಳೆಕಾಯಿ ಹುರಿದು ಬೆಲ್ಲದ ಪಾಕ ಹತ್ತಿಸಿದ ಉಪ್ಪೇರಿ ಒಂದು. ಅನಾನಸು, ಚಕ್ಕೋತದ ಸಿಪ್ಪೆ, ಕುಂಬಳಕಾಯಿಗಳನ್ನು ವಾರಗಟ್ಟಲೆ ಪಾಕದಲ್ಲಿ ನೆನೆಸಿ ಒಣಗಿಸುವುದು ಇನ್ನೊಂದು. ಹಸಿ ಪಪ್ಪಾಯಿಯ ಟೂಟಿ ಫ್ರೂಟಿ ಮೂರನೆಯದು. ದ್ರಾಕ್ಷಿಗೋ ಸ್ಟ್ರಾಬೆರಿಗೋ ಗಾಜಿನಂಥ ಸಕ್ಕರೆ ಹೊದಿಸುವುದು ನಾಲ್ಕನೆಯದು. ಈಗ ಮಕ್ಕಳು ಮೊಬೈಲಿನಲ್ಲಿ ನೋಡಿ ಕೇಳುವುದು ಇದನ್ನೇ. ರುಚಿ ನೋಡಿ ಆರಿಸುವುದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಹಣ್ಣಿನೊಳಗಿನ ನೀರನ್ನು ತೆಗೆಯುವವರು ಯಾರು? ಉಪ್ಪೇರಿಯಲ್ಲಿ ಕಾದ ಎಣ್ಣೆ ತೆಗೆಯುತ್ತದೆ. ನಿಧಾನ ಪಾಕದಲ್ಲಿ ಸಕ್ಕರೆ, ಆಮೇಲೆ ಬಿಸಿಲು. ಗಾಜಿನ ಲೇಪದಲ್ಲಿ ಯಾರೂ ತೆಗೆಯುವುದಿಲ್ಲ, ನೀರು ಒಳಗೇ ಇರುತ್ತದೆ. ಯಾವುದು ಎಷ್ಟು ದಿನ ಬಾಳುತ್ತದೆ, ಯಾವ ತಿಂಗಳಲ್ಲಿ ಮಾಡಬಹುದು ಎಂಬ ಲೆಕ್ಕವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಒಂದು ಬದಿಗೆ ಕಡಲು, ನಡುನಡುವೆ ಹೊಳೆ, ಹಿನ್ನೀರು. ಗಾಳಿಯಲ್ಲಿ ತೇವ ಇಲ್ಲದ ತಿಂಗಳೇ ಕಡಿಮೆ. ಹರಳು ಸಕ್ಕರೆ ತೇವಕ್ಕೆ ಸಾಕಷ್ಟು ತಡೆಯುತ್ತದೆ. ಗಾಳಿಯ ತೇವಾಂಶ ಶೇ. 85ರ ಹತ್ತಿರ ಹೋಗುವವರೆಗೆ ಅದು ನೀರು ಬಿಡುವುದಿಲ್ಲ. ಆದರೆ ಅದೇ ಸಕ್ಕರೆಯನ್ನು ಕಾಯಿಸಿ ಗಾಜು ಮಾಡಿದರೆ ಅದಕ್ಕಿಂತ ಎಷ್ಟೋ ಕಡಿಮೆ ತೇವಕ್ಕೇ ಜಿನುಗಲು ತೊಡಗುತ್ತದೆ. ಬೆಲ್ಲದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಬೆರೆತಿರುವುದರಿಂದ ಅದೂ ಬೇಗ ತೇವ ಎಳೆಯುತ್ತದೆ. ವಿಡಿಯೊದಲ್ಲಿ ಕಟಕಟ ಅಂದದ್ದು ನಮ್ಮ ಅಡುಗೆಮನೆಯಲ್ಲಿ ಅಂಟು ಮುದ್ದೆಯಾದರೆ ಕೈಗುಣವನ್ನು ದೂರಬೇಡಿ, ಅದು ಗಾಳಿಯ ಕೆಲಸ.

ಚೌತಿ, ಓಣಂಗೆ: ಬೆಲ್ಲದ ಉಪ್ಪೇರಿ

ಆಗಸ್ಟ್–ಸೆಪ್ಟೆಂಬರಿನಲ್ಲಿ ಬಿಸಿಲನ್ನು ನಂಬಿ ಯಾವ ಹಣ್ಣನ್ನೂ ಒಣಗಿಸಲು ಹೊರಡಬಾರದು. ಆ ಹೊತ್ತಿಗೆ ಉಪ್ಪೇರಿಗೆ ಸಾಟಿ ಇಲ್ಲ, ಏಕೆಂದರೆ ಇಲ್ಲಿ ನೀರು ಬಾಣಲೆಯಲ್ಲೇ ಪೂರ್ತಿ ಹೋಗುತ್ತದೆ. ಅರ್ಧ ದಿನದ ಕೆಲಸ, ಡಬ್ಬಿಗೆ ಹಾಕಿದರೆ ಮೂರು ವಾರಕ್ಕೆ ಮೋಸವಿಲ್ಲ. ಮೊದಲ ಸಲ ಮಾಡುವವರಿಗೂ ನಮ್ಮ ಶಿಫಾರಸು ಇದೇ.

ಚೆನ್ನಾಗಿ ಬಲಿತ, ಆದರೆ ಒಂದಿಷ್ಟೂ ಹಣ್ಣಾಗದ ನೇಂದ್ರ ಬೇಕು. ಎಳೆಯದಾದರೆ ಹುರಿದ ಮೇಲೆ ಕೊರಡು ಕೊರಡಾಗುತ್ತದೆ. ತುದಿ ಹಳದಿ ತಿರುಗಿದ್ದರೆ ಹಿಟ್ಟು ಸಕ್ಕರೆಯಾಗಲು ಶುರುವಾಗಿದೆ ಎಂದರ್ಥ. ಹೊರಗೆ ಕಪ್ಪಾಗುತ್ತದೆ, ಒಳಗೆ ಮೆತ್ತಗೇ ಉಳಿಯುತ್ತದೆ. ಸಿಪ್ಪೆ ಸಮೇತ 1 ಕಿಲೋ ಬಾಳೆಕಾಯಿಗೆ 250 ಗ್ರಾಂ ಬೆಲ್ಲ, 100 ಮಿ.ಲೀ. ನೀರು, ಒಂದು ಚಮಚ ಒಣಶುಂಠಿ ಪುಡಿ, ಅರ್ಧರ್ಧ ಚಮಚ ಜೀರಿಗೆ ಪುಡಿ ಮತ್ತು ಏಲಕ್ಕಿ ಪುಡಿ, ಕೊನೆಗೆ ಉದುರಿಸಲು ಎರಡು ದೊಡ್ಡ ಚಮಚ ಸಕ್ಕರೆ ಪುಡಿ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಸಿಪ್ಪೆ ತೆಗೆಯಿರಿ, ಇಲ್ಲವಾದರೆ ಮೇಣ ಹಿಡಿದು ಕೈ ಕಪ್ಪಾಗುತ್ತದೆ. ಅರಿಸಿನ, ಉಪ್ಪು ಹಾಕಿದ ನೀರಿನಲ್ಲಿ ಕಾಲು ಗಂಟೆ ಇಟ್ಟು, ಒರೆಸಿ, ಉದ್ದಕ್ಕೆ ಎರಡು ಸೀಳಿ, ಅಡ್ಡಕ್ಕೆ 8 ಮಿ.ಮೀ. ದಪ್ಪಕ್ಕೆ ಹೆಚ್ಚಬೇಕು. (ಸಿಪ್ಪೆ ಬಿಸಾಡಬೇಡಿ. ಸಣ್ಣಗೆ ಹೆಚ್ಚಿ ಅಲಸಂಡೆ ಕಾಳಿನ ಜೊತೆ ಪಲ್ಯ ಮಾಡಿದರೆ ಆ ದಿನದ ಊಟಕ್ಕಾಯಿತು.)

ಹುರಿಯುವುದರಲ್ಲಿ ಅವಸರ ಮಾಡಿದರೆ ಉಪ್ಪೇರಿ ಕೆಟ್ಟಿತೆಂದೇ ತಿಳಿಯಿರಿ. ಎಣ್ಣೆ ಕಾದ ಮೇಲೆ ಹೋಳು ಹಾಕಿ ಉರಿ ತಗ್ಗಿಸಿ, ಒಂದೊಂದು ಸುತ್ತಿಗೆ 15–20 ನಿಮಿಷ ಬಿಡಿ. ಉರಿ ಜೋರಿದ್ದರೆ ಹೊರಗೆ ಗಟ್ಟಿ ಪದರ ಕಟ್ಟಿ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಮೂರನೇ ದಿನ ಆ ನೀರು ಹೊರಗೆ ಬಂದು ಬೆಲ್ಲವನ್ನೂ ಕರಗಿಸುತ್ತದೆ. ಕಿವಿ ಕೊಟ್ಟು ಕೇಳಿ. ಶುರುವಿನ ಗುಳುಗುಳು ಸದ್ದು ನಿಂತು, ಸಟ್ಟುಗದಲ್ಲಿ ಕಲಕಿದಾಗ ಹೋಳುಗಳು ಒಂದಕ್ಕೊಂದು ಬಡಿದು ಬೆಣಚುಕಲ್ಲಿನ ಹಾಗೆ ಟಣಟಣ ಅನ್ನಬೇಕು. ಒಂದನ್ನು ತೆಗೆದು ಮುರಿದರೆ ನಡುವಿನವರೆಗೂ ಒಂದೇ ಬಣ್ಣ ಇರಬೇಕು. ತೆಗೆದ ಹೋಳು ಪೂರ್ತಿ ಆರಲಿ.

ಬೆಲ್ಲ ಕರಗಿಸಿ, ಸೋಸಿ, ಮತ್ತೆ ಒಲೆಗಿಡಿ. ಬಟ್ಟಲ ನೀರಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಉರುಟಿದರೆ ಗಟ್ಟಿ ಉಂಡೆಯಾಗಿ, ಒತ್ತಿದರೂ ಆಕಾರ ಬಿಡದೆ ನಿಲ್ಲಬೇಕು. ಉಂಡೆ ಚಪ್ಪಟೆಯಾದರೆ ಇನ್ನೂ ಆಗಿಲ್ಲ. ಇಳಿಸಿ, ಹೋಳು ಸುರಿದು, ಪುಡಿಗಳನ್ನೆಲ್ಲ ಹಾಕಿ ಬಿಡದೆ ಕಲಕಿ. ಮೊದಲು ಹೊಳೆಯುವ ಪಾಕ ಮೆಲ್ಲಗೆ ಮಂಕಾಗಿ ಹೋಳಿಗೆ ಅಂಟುತ್ತದೆ. ಆಗ ಸಕ್ಕರೆ ಪುಡಿ ಉದುರಿಸಿದರೆ ಹೋಳುಗಳು ಬಿಡಿಬಿಡಿಯಾಗುತ್ತವೆ. ಎಷ್ಟು ಕಲಕಿದರೂ ಅಂಟಂಟಾಗಿಯೇ ಇದ್ದರೆ ಪಾಕ ಎಳೆಯದು. ಬಾಣಲೆಯನ್ನು ಸಣ್ಣ ಉರಿಯ ಮೇಲಿಟ್ಟು ಎರಡು ಮೂರು ನಿಮಿಷ ಕಲಕಿ ಇಳಿಸಿ. ಹೋಳಿಗೆ ಹತ್ತುವ ಮೊದಲೇ ಬಾಣಲೆಯಲ್ಲಿ ಸಕ್ಕರೆಗಟ್ಟಿದರೆ ಪಾಕ ಮೀರಿದೆ. ಹೋಳು ಬೇರೆ ತೆಗೆದು ಎರಡು ಚಮಚ ನೀರು ಹಾಕಿ ಬೆಲ್ಲ ಮತ್ತೆ ಕರಗಿಸಿ. ಇವೆರಡಕ್ಕೂ ಜಗ್ಗದಿದ್ದರೆ ತಪ್ಪು ಬೆಲ್ಲದ್ದು. ಹಳತಾಗಿ ಬೆವರಿದ, ಹುಳಿ ವಾಸನೆಯ ಬೆಲ್ಲದಲ್ಲಿ ಸಕ್ಕರೆ ಒಡೆದುಹೋಗಿರುತ್ತದೆ, ಅದು ಎಂದೂ ಗಟ್ಟಿ ಕೂರುವುದಿಲ್ಲ. ಕೊಳ್ಳುವಾಗಲೇ ಒಡೆದು ನೋಡಿ, ಚೂಪಾಗಿ ಸೀಳಿದ್ದನ್ನು ತನ್ನಿ. ತೆಂಗಿನ ಸಕ್ಕರೆಯಲ್ಲಿ ಮಾಡಬೇಕೆನ್ನುವವರು ಅರ್ಧ ಬೆಲ್ಲ, ಅರ್ಧ ತೆಂಗಿನ ಸಕ್ಕರೆ ಬೆರೆಸಿಕೊಳ್ಳುವುದು ಒಳ್ಳೆಯದು. ಬರೀ ಅದನ್ನೇ ಹಾಕಿದರೆ ಮಳೆಗಾಲದಲ್ಲಿ ಜಿಗುಟು ಬಿಡುವುದಿಲ್ಲ.

ಇದೇ ಪಾಕವನ್ನು ಹುರಿದ ಹಲಸಿನ ಸೊಳೆಗೂ ಹಾಕಬಹುದು, ವಿಷುವಿನ ಹೊತ್ತಿಗೆ ಹಲಸಿನಕಾಯಿ ಸಿಗುತ್ತದೆ. ಆದರೆ ತೆಳು ಸೊಳೆ ಕಲಕುವಾಗ ಪುಡಿಯಾಗುವುದರಿಂದ ಬೆರಳಷ್ಟು ಅಗಲ ಬಿಟ್ಟೇ ಕೊಯ್ಯಿರಿ.

ಕ್ರಿಸ್ಮಸಿಗೆ: ನಿಧಾನ ಪಾಕ

ಕೆಳಗೆ ತಲಶ್ಶೇರಿಯಲ್ಲಿ ಬೇಕರಿಯ ಮಂಬಳ್ಳಿ ಬಾಪು 1883ರಲ್ಲಿ ದೇಶದ ಮೊದಲ ಕ್ರಿಸ್ಮಸ್ ಕೇಕ್ ಮಾಡಿದರೆಂಬ ಮಾತು ಈ ಕರಾವಳಿಯಲ್ಲೆಲ್ಲ ಇದೆ. ಅಂಥ ಕೇಕಿನೊಳಗೆ ಹಾಕುವ, ಹಾಗೆಯೇ ತಟ್ಟೆಯಲ್ಲಿಟ್ಟು ಬಂದವರಿಗೆ ಕೊಡುವ ಹಣ್ಣು ಇದು. ಬೇಳ, ಮಂಜೇಶ್ವರ ಕಡೆಯ ಕೊಂಕಣಿ ಕ್ರೈಸ್ತರ ಮನೆಯ ಕುಸ್ವಾರದ (ಕ್ರಿಸ್ಮಸ್ ತಿಂಡಿಗಳ) ತಟ್ಟೆಗೂ ಸೇರಿಸಬಹುದು. ನಾಲ್ಕರಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ, ಎಲ್ಲಕ್ಕಿಂತ ಹೆಚ್ಚು ದಿನ ಬಾಳುತ್ತದೆ. ಡಿಸೆಂಬರ್ ಬಿಸಿಲು ಇದಕ್ಕೆಂದೇ ಹೇಳಿ ಮಾಡಿಸಿದ್ದು: ಅಂಗಳದಲ್ಲಿ ಅಡಿಕೆ ಹರಡಿರುವ ದಿನಗಳಲ್ಲಿ ಅದರ ಪಕ್ಕದಲ್ಲೇ ಒಂದು ಜಾಲರಿಗೆ ಜಾಗ ಸಿಕ್ಕೀತು.

ಹಣ್ಣು ಗಟ್ಟಿ ಇರಬೇಕು. ಅನಾನಸು, ಚಕ್ಕೋತದ ದಪ್ಪ ಸಿಪ್ಪೆ, ಶುಂಠಿ, ನೆಲ್ಲಿಕಾಯಿ ಒಗ್ಗುತ್ತವೆ. ದಾರೆಹುಳಿಯನ್ನು ಅಡ್ಡಕ್ಕೆ ಕೊಯ್ದರೆ ನಕ್ಷತ್ರದಂತೆ ಕಾಣುತ್ತದೆ, ಕ್ರಿಸ್ಮಸಿಗೆ ಅದಕ್ಕಿಂತ ಚೆಂದದ್ದು ಬೇರೆ ಇಲ್ಲ. ಮಾವಿನಹಣ್ಣು, ಚಿಕ್ಕು, ಮಾಗಿದ ಪಪ್ಪಾಯಿ ಪಾಕದಲ್ಲಿ ಕರಗಿ ಜಾಮ್ ಆಗುತ್ತವೆ. ಇನ್ನು ಅಟ್ಟದ ಜಂತಿಗೆ ಬಾಳೆಯ ನಾರಿನಲ್ಲಿ ಕಟ್ಟಿ ನೇತುಹಾಕಿದ, ಮೈತುಂಬ ಬೂದಿ ಬಂದ ಹಳೆಯ ಕುಂಬಳಕಾಯಿ ಮನೆಯಲ್ಲಿದ್ದರೆ ಅದನ್ನು ಬಿಡಬೇಡಿ. ಆಗ್ರಾದ ಪೇಠಾ ಆಗುವುದು ಇದೇ ಕುಂಬಳಕಾಯಿಯಿಂದ. ಎಳೆಯದರಲ್ಲಿ ನೀರು ಜಾಸ್ತಿ, ಹೋಳು ಕುಗ್ಗಿ ಚರ್ಮವಾಗುತ್ತದೆ. ಬಲಿತದ್ದರ ತಿರುಳು ಬಿಗಿಯಾಗಿರುತ್ತದೆ.

ಕುಂಬಳಕ್ಕೆ ಸುಣ್ಣದ ನೀರು ಬೇಕೇ ಬೇಕು. ಬೀಜದ ಭಾಗ ತೆಗೆದು ಎರಡಂಗುಲದ ಹೋಳು ಮಾಡಿ, ಮುಳ್ಳುಚಮಚದಿಂದ ಎಲ್ಲ ಬದಿಗೂ ಚುಚ್ಚಿ. 1 ಲೀಟರು ನೀರಿಗೆ 10 ಗ್ರಾಂ ವೀಳ್ಯದ ಬಿಳಿ ಸುಣ್ಣ ಕದಡಿ ಅದರಲ್ಲಿ ರಾತ್ರಿಯಿಡೀ ನೆನೆಸಿ. ಸುಣ್ಣದ ಕ್ಯಾಲ್ಸಿಯಂ ತಿರುಳಿನ ಪೆಕ್ಟಿನ್ ಜೊತೆ ಸೇರಿ ಗೋಡೆ ಕಟ್ಟಿದ ಹಾಗೆ ಗಟ್ಟಿ ಮಾಡುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಹೋಳು ಕದಡುವುದಿಲ್ಲ. ಸ್ಟೀಲ್ ಪಾತ್ರೆಯೇ ಇರಲಿ, ಸುಣ್ಣವೂ ಹುಳಿಯೂ ಅಲ್ಯೂಮಿನಿಯಂ ಅನ್ನು ತಿನ್ನುತ್ತವೆ. ಬೆಳಿಗ್ಗೆ ನಾಲ್ಕೈದು ನೀರಿನಲ್ಲಿ ತೊಳೆಯಿರಿ. ಹೋಳನ್ನು ಬೆರಳಲ್ಲಿ ತೀಡಿದಾಗ ಸಾಬೂನಿನ ಹಾಗೆ ಜಾರುತ್ತಿದ್ದರೆ ಸುಣ್ಣ ಇನ್ನೂ ಇದೆ. ಅನಾನಸು, ದಾರೆಹುಳಿಗೆ ಸುಣ್ಣ ಬೇಡ. ಚಕ್ಕೋತದ ಸಿಪ್ಪೆಗೆ ಸುಣ್ಣದ ಬದಲು ಮೂರು ಸಲ ಹೊಸ ನೀರಿನಲ್ಲಿ ಕುದಿಸಿ ಚೆಲ್ಲುವ ಕೆಲಸವಿದೆ, ಕಹಿ ಹೋಗುವುದು ಹಾಗೆಯೇ.

ಯಾವ ಹಣ್ಣಾದರೂ ಪಾಕಕ್ಕೆ ಹೋಗುವ ಮೊದಲು ನೀರಿನಲ್ಲಿ ಬೇಯಬೇಕು. ಕುಂಬಳ ಹದಿನೈದು ನಿಮಿಷ, ಅನಾನಸು ಎಂಟು ಹತ್ತು ನಿಮಿಷ, ದಾರೆಹುಳಿ ಎರಡೇ ನಿಮಿಷ. ಹಸಿ ಹೋಳಿನ ಜೀವಕೋಶ ನೀರನ್ನು ಹೊರಗೆ ಬಿಟ್ಟೀತೇ ಹೊರತು ಸಕ್ಕರೆಯನ್ನು ಒಳಗೆ ಬಿಡುವುದಿಲ್ಲ. ಬೇಯಿಸಿದ ಮೇಲೆ ಆ ತಡೆ ಹೋಗುತ್ತದೆ.

ಈಗ 1 ಕಿಲೋ ಹೋಳಿನ ಲೆಕ್ಕ. ಬೇಯಿಸಿದ ನೀರಿನಲ್ಲಿ 650 ಮಿ.ಲೀ. ತೆಗೆದುಕೊಂಡು (ಕುಂಬಳ, ಸಿಪ್ಪೆಯಾದರೆ ಹೊಸ ನೀರು) 400 ಗ್ರಾಂ ಸಕ್ಕರೆ ಕರಗಿಸಿ, ಕುದಿಯುವಾಗಲೇ ಹೋಳಿನ ಮೇಲೆ ಸುರಿಯಿರಿ. ತೇಲದ ಹಾಗೆ ಮೇಲೊಂದು ತಟ್ಟೆ ಮುಚ್ಚಿ. ಎರಡನೇ, ಮೂರನೇ, ನಾಲ್ಕನೇ ದಿನ ಪಾಕವನ್ನು ಮಾತ್ರ ಬಸಿದು, ದಿನಕ್ಕೆ 110 ಗ್ರಾಂ ಸಕ್ಕರೆ ಸೇರಿಸಿ ಕುದಿಸಿ, ಮತ್ತೆ ಹೋಳಿನ ಮೇಲೆ ಸುರಿಯುವುದು. ಐದನೇ ದಿನ 170 ಗ್ರಾಂ ಸೇರಿಸಿ ಹೋಳುಗಳನ್ನೂ ಅದರಲ್ಲೇ ಮೂರು ನಾಲ್ಕು ನಿಮಿಷ ಕುದಿಸಿ ಎರಡು ದಿನ ಬಿಡಿ. ಏಳನೇ ದಿನ ಇನ್ನೊಮ್ಮೆ 170 ಗ್ರಾಂ, ಮತ್ತೆ ಕುದಿ, ನಾಲ್ಕು ದಿನ ವಿಶ್ರಾಂತಿ. ಆ ಹೊತ್ತಿಗೆ ಪಾಕ ತಣಿದಾಗ ಜೇನಿನಷ್ಟು ದಪ್ಪ ಇರಬೇಕು, ಹೋಳು ಬೆಳಕಿಗೆ ಹಿಡಿದರೆ ಆಚೆ ಕಾಣಬೇಕು. ಕ್ಯಾಲೆಂಡರ್ ನೋಡಿ ಹೇಳುವುದಾದರೆ ಡಿಸೆಂಬರ್ 8ಕ್ಕೆ ಶುರು, 18ಕ್ಕೆ ಪಾಕದಿಂದ ಹೊರಗೆ, 22ಕ್ಕೆ ಡಬ್ಬಿಗೆ.

ಎಲ್ಲ ಸಕ್ಕರೆಯನ್ನೂ ಒಂದೇ ದಿನ ಹಾಕಿದರೇನು ಎಂದು ಕೇಳುವವರೇ ಹೆಚ್ಚು. ಹಾಕಿದರೆ ದಟ್ಟ ಪಾಕ ಹೋಳಿನ ನೀರನ್ನು ಎಳೆದುಕೊಳ್ಳುವ ವೇಗಕ್ಕೆ ಸಕ್ಕರೆ ಒಳಹೋಗಲಾರದು. ಹೋಳು ಒಣ ಅಡಿಕೆಯಂತೆ ಸುಕ್ಕಾಗುತ್ತದೆ, ಒಮ್ಮೆ ಸುಕ್ಕಾದರೆ ಮತ್ತೆ ತುಂಬಿಕೊಳ್ಳುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಏರಿಸುವುದು ಅದಕ್ಕೇ.

ನಮ್ಮ ಸೆಕೆಗೆ ಒಂದು ಬದಲಾವಣೆ ಮಾಡಿಕೊಳ್ಳಲೇಬೇಕು. ಮೊದಲ ಮೂರು ದಿನ ಪಾಕ ಇನ್ನೂ ನೀರು ನೀರಾಗಿರುತ್ತದೆ, ಅಷ್ಟರಲ್ಲಿ ಹುಳಿ ಬರಲು ಒಂದು ಹಗಲು ಸಾಕು. ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪಾಕ ಬಸಿದು ಕುದಿಸಿ. ಸಕ್ಕರೆ ಸೇರಿಸುವುದು ಬೆಳಿಗ್ಗೆ ಮಾತ್ರ. ಸಣ್ಣ ಗುಳ್ಳೆ ಏಳುತ್ತಿದ್ದು ವಾಸನೆ ಇನ್ನೂ ಕೆಡದಿದ್ದರೆ ತಕ್ಷಣ ಐದು ನಿಮಿಷ ಕುದಿಸಿ, ಆ ದಿನದ ಸಕ್ಕರೆಯನ್ನು ಆಗಲೇ ಸೇರಿಸಿದರೆ ಉಳಿಯುತ್ತದೆ. ಕಳ್ಳಿನ ವಾಸನೆ ಬಂದಿದ್ದರೆ ಚೆಲ್ಲಿಬಿಡಿ. ಇನ್ನೊಂದು ಕಾಟ, ಕೊನೆಯ ದಿನಗಳಲ್ಲಿ ಪಾಕ ಮರಳಿನ ಹಾಗೆ ಸಕ್ಕರೆಗಟ್ಟುವುದು. ಕುಂಬಳ, ಸಿಪ್ಪೆಗಳಲ್ಲಿ ಹುಳಿ ಇಲ್ಲದ್ದರಿಂದ ಹೀಗಾಗುತ್ತದೆ. ಐದನೇ ದಿನ ಒಂದು ಚಮಚ ಲಿಂಬೆರಸ ಹಾಕಿ ಕುದಿಸಿದರೆ ಸಕ್ಕರೆಯ ಒಂದು ಪಾಲು ಒಡೆದು ಹರಳು ಕಟ್ಟುವುದನ್ನು ತಡೆಯುತ್ತದೆ. ಅನಾನಸಿಗೆ ಇದರ ಅಗತ್ಯವಿಲ್ಲ, ಅದರದ್ದೇ ಹುಳಿ ಸಾಕು. ಅದೇ ಕಾರಣಕ್ಕೆ ಒಣಗಿದ ಮೇಲೂ ಅನಾನಸು ಸ್ವಲ್ಪ ಜಿಗುಟಾಗಿಯೇ ಇರುತ್ತದೆ, ತಪ್ಪೆಂದು ಭಾವಿಸಬೇಡಿ.

ಬಸಿದ ಹೋಳನ್ನು ಜಾಲರಿಯ ಮೇಲೆ ತಾಗದಂತೆ ಹರಡಿ, ತೆಳು ಬಟ್ಟೆ ಮುಚ್ಚಿ ಹತ್ತು ಗಂಟೆಯಿಂದ ನಾಲ್ಕರವರೆಗೆ ಬಿಸಿಲಿಗಿಡಿ. ಇಬ್ಬನಿ ಬೀಳುವ ಮೊದಲು ಒಳಗೆ ತನ್ನಿ. ಇರುವೆಗೆ ಜಾಲರಿಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಬೇಕು. ಅಡಿಕೆ ಒಣಗಿಸಲು ಕಟ್ಟಿದ ಪ್ಲಾಸ್ಟಿಕ್ ಚಪ್ಪರ ಇದ್ದವರಿಗೆ ನೊಣದ ಚಿಂತೆಯೂ ಕಡಿಮೆ, ಒಂದು ದಿನವೂ ಉಳಿಯುತ್ತದೆ. ಎರಡು ಮೂರು ಬಿಸಿಲಾದ ಮೇಲೆ ಬೆರಳಿಟ್ಟರೆ ಅಂಟಬಾರದು, ಅದುಮಿದರೆ ಪಾಕ ಒಸರಬಾರದು.

ಮೇಲಿನ ಸಕ್ಕರೆಗೆ ಎರಡು ದಾರಿ. ಒಣಗಿದ ಹೋಳನ್ನು ಕುದಿಯುವ ನೀರಿಗೆ ಒಂದು ಕ್ಷಣ ಮುಳುಗಿಸಿ, ಕೊಡವಿ, ಹರಳು ಸಕ್ಕರೆಯಲ್ಲಿ ಹೊರಳಿಸುವುದು ಮೊದಲನೆಯದು. 300 ಗ್ರಾಂ ಸಕ್ಕರೆಯನ್ನು 100 ಮಿ.ಲೀ. ನೀರಿನಲ್ಲಿ ಕುದಿಸಿದ ಹೊಸ ಪಾಕದಲ್ಲಿ ಅದ್ದಿ ಹೊಳಪು ತರುವುದು ಎರಡನೆಯದು. ನೋಡಲು ಎರಡನೆಯದೇ ಚೆಂದ. ಆದರೂ ನಾವು ಹರಳನ್ನೇ ಹೇಳುತ್ತೇವೆ. ಹೊಳಪು ಲೇಪ ಮುಚ್ಚಳ ತೆಗೆದು ಹಾಕುವ ಡಬ್ಬಿಯಲ್ಲಿ ವಾರದೊಳಗೆ ಬೆವರುತ್ತದೆ.

ದೀಪಾವಳಿಗೆ: ಪಪ್ಪಾಯಿ

ತುಲಾ ತಿಂಗಳಲ್ಲಿ ಬೆಳಿಗ್ಗೆ ಬಿಸಿಲು ಚುರುಗುಟ್ಟಿದರೂ ಮಧ್ಯಾಹ್ನ ಕಳೆದರೆ ಗುಡುಗು ಮಳೆ. ಹದಿನಾಲ್ಕು ದಿನದ ಪಾಕ ಆಗ ಬೇಡ. ಹಸಿ ಪಪ್ಪಾಯಿ ಮೂರು ದಿನದಲ್ಲಿ ಮುಗಿಯುತ್ತದೆ, ಬಿಸಿಲೂ ಬೇಕಿಲ್ಲ, ಫ್ಯಾನ್ ಗಾಳಿ ಸಾಕು. ಸಿಪ್ಪೆ, ಬೀಜ ತೆಗೆದ 500 ಗ್ರಾಂ ಗಟ್ಟಿ ಕಾಯಿಯನ್ನು 8 ಮಿ.ಮೀ. ಚೌಕಗಳಾಗಿ ಹೆಚ್ಚಿ ಐದಾರು ನಿಮಿಷ ಬೇಯಿಸಿ ಬಸಿಯಿರಿ. 400 ಗ್ರಾಂ ಸಕ್ಕರೆ, 250 ಮಿ.ಲೀ. ನೀರಿನ ಪಾಕದಲ್ಲಿ ಹಾಕಿ ಹೋಳು ಪಾರದರ್ಶಕವಾಗಿ ಪಾಕ ಒಂದೆಳೆ ಬರುವವರೆಗೆ ಕುದಿಸಿ, ಅರ್ಧ ಚಮಚ ಲಿಂಬೆರಸ ಹಿಂಡಿ ಇಳಿಸಿ. ಬಣ್ಣ ಹಾಕುವುದಾದರೆ ಬಟ್ಟಲುಗಳಿಗೆ ಹಂಚಿ ಒಂದೆರಡು ಹನಿ ಮಾತ್ರ. 24 ಗಂಟೆ ನೆನೆದ ಮೇಲೆ ಬಸಿದು ಒಂದೂವರೆ ದಿನ ಆರಿಸಿ.

ನಿಧಾನ ಪಾಕದ ನಿಯಮ ಇಲ್ಲಿ ಮುರಿದರೂ ನಡೆಯುವುದು ಚೌಕಗಳು ಸಣ್ಣವಿರುವುದರಿಂದ. ದೊಡ್ಡ ಹೋಳಿಗೆ ಇದೇ ಅವಸರ ಮಾಡಿದರೆ ನಡುವೆ ಸಪ್ಪೆ ಉಳಿಯುತ್ತದೆ. ಕೇಕಿಗೆ, ಬನ್ನಿಗೆ, ಪಾಯಸದ ಮೇಲೆ ಉದುರಿಸಲು ಚೆನ್ನ. ಸಿಹಿತಿಂಡಿಯೆಂದು ತಟ್ಟೆಯಲ್ಲಿ ಇಡುವಷ್ಟು ರುಚಿ ಅದಕ್ಕಿಲ್ಲ, ಪಪ್ಪಾಯಿಗೆ ತನ್ನದೇ ಪರಿಮಳ ಇಲ್ಲ. ಫ್ರಿಜ್ಜಿನಲ್ಲಿಟ್ಟರೆ ತಿಂಗಳು ತಡೆಯುತ್ತದೆ.

ಗಾಜಿನ ಲೇಪ

ಇದನ್ನು ಮಾಡಬೇಡಿ ಎನ್ನುವುದಿಲ್ಲ. ಅತಿಥಿಗಳು ಬಂದು ಕೂತ ಮೇಲೆ ಮಾಡಿ, ಅರ್ಧ ಗಂಟೆಯೊಳಗೆ ಹಂಚಿ. ಡಬ್ಬಿಗೆ, ಉಡುಗೊರೆಗೆ, ಮರುದಿನಕ್ಕೆ ಇದು ಆಗದು. ಹೊರಗಿನ ತೇವ ಒಂದು ಕಡೆ, ಒಳಗಿನ ಹಣ್ಣಿನ ರಸ ಇನ್ನೊಂದು ಕಡೆ ಕರಗಿಸುತ್ತಾ ಬರುತ್ತವೆ. ಫ್ರಿಜ್ಜಿನಿಂದ ಹೊರಗೆ ತಂದರೆ ಮೇಲೆ ಹನಿಗಟ್ಟಿ ಇನ್ನೂ ಬೇಗ ಹೋಗುತ್ತದೆ.

ದ್ರಾಕ್ಷಿ, ಸ್ಟ್ರಾಬೆರಿ, ಪೊರೆ ಹರಿಯದ ಕಿತ್ತಳೆ ತೊಳೆ ಮಾತ್ರ ಆರಿಸಿ. ಕೊಯ್ದ ಅನಾನಸಿನ ರಸ ಕ್ಷಣದಲ್ಲೇ ಲೇಪ ಬಿಡಿಸುತ್ತದೆ. ತೊಳೆದು, ಒರೆಸಿ, ಫ್ಯಾನಿನಡಿ ಒಂದು ಗಂಟೆ ಇಟ್ಟು ಕಡ್ಡಿಗೆ ಚುಚ್ಚಿ. 200 ಗ್ರಾಂ ಸಕ್ಕರೆಗೆ 100 ಮಿ.ಲೀ. ನೀರು. ಕರಗುವವರೆಗೆ ಕಲಕಬಹುದು, ಕುದಿ ಬಂದ ಮೇಲೆ ಚಮಚ ತಾಗಿಸಬಾರದು, ಒಂದು ಹರಳು ಬಿದ್ದರೂ ಇಡೀ ಪಾಕ ಸಕ್ಕರೆಗಟ್ಟೀತು. 150 ಡಿಗ್ರಿ ಸೆಲ್ಸಿಯಸ್ ಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣೀರಿಗೆ ಹನಿ ಬಿಟ್ಟು ತೆಗೆದು ಕಚ್ಚಿ: ಹಲ್ಲಿಗೆ ಅಂಟಿದರೆ ಆಗಿಲ್ಲ, ಟಕ್ಕೆಂದು ಒಡೆದರೆ ಆಯಿತು. ಹೊಂಬಣ್ಣಕ್ಕೆ ತಿರುಗಿದರೆ ಮೀರಿತು, ಕಹಿ ಬರುತ್ತದೆ. ಪಾತ್ರೆ ಓರೆ ಮಾಡಿ ಹಣ್ಣನ್ನು ಒಮ್ಮೆ ಮಾತ್ರ ತಿರುಗಿಸಿ ಎತ್ತಿ, ಎಣ್ಣೆ ಸವರಿದ ತಟ್ಟೆಯಲ್ಲಿಡಿ. ಲೇಪ ದಪ್ಪವಾದರೆ ಹಲ್ಲಿಗೆ ಪೆಟ್ಟು.

ಮಕ್ಕಳು ಕೇಳಿದ್ದೆಂದು ಮಕ್ಕಳ ಕೈಯಲ್ಲಿ ಮಾಡಿಸಬೇಡಿ. ಈ ಪಾಕ ಕುದಿಯುವ ನೀರಿಗಿಂತ 50 ಡಿಗ್ರಿ ಹೆಚ್ಚು ಬಿಸಿ, ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಬಿದ್ದರೆ ಕೀಳಲು ಹೋಗದೆ 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ, ಗುಳ್ಳೆ ಎದ್ದರೆ ಆಸ್ಪತ್ರೆಗೆ ಹೋಗಿ.

ಮಕ್ಕಳಿಗೆಂದೇ ಏನಾದರೂ ಬೇಕಿದ್ದರೆ ಸಮಪಾಲು ಸಕ್ಕರೆ ನೀರಿನ ತಣಿದ ಪಾಕದಲ್ಲಿ ದ್ರಾಕ್ಷಿ ಅದ್ದಿ, ಬಸಿದು, ಹರಳು ಸಕ್ಕರೆಯಲ್ಲಿ ಹೊರಳಿಸಲಿ. ಒಲೆಯ ಹತ್ತಿರ ಹೋಗುವುದೇ ಬೇಡ, ಅದೇ ದಿನ ತಿಂದು ಮುಗಿಸಿದರಾಯಿತು. ಪುಟ್ಟ ಮಕ್ಕಳಿಗಾದರೆ ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿಯೇ ಕೊಡಿ, ಇಡೀ ಹಣ್ಣು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಡಬ್ಬಿ ಮತ್ತು ಉಳಿದ ಪಾಕ

ಉಪ್ಪೇರಿ, ನಿಧಾನ ಪಾಕದ ಹಣ್ಣು ಎರಡನ್ನೂ ಪೂರ್ತಿ ತಣಿದ ಮೇಲೆಯೇ ಗಾಜಿನ ಭರಣಿಗೋ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೋ ಹಾಕಿ, ಆದರೆ ಒಂದೇ ಡಬ್ಬಿಯಲ್ಲಿ ಬೇಡ. ಹಣ್ಣಿನಲ್ಲಿ ಉಳಿದ ತೇವವನ್ನು ಉಪ್ಪೇರಿ ಎಳೆದುಕೊಂಡು ಮೆತ್ತಗಾಗುತ್ತದೆ. ದೊಡ್ಡ ಡಬ್ಬಿ ಒಂದರ ಬದಲು ಸಣ್ಣವು ನಾಲ್ಕು ಇದ್ದರೆ ಒಂದನ್ನು ತೆಗೆದಾಗ ಉಳಿದವಕ್ಕೆ ಗಾಳಿ ತಾಗುವುದಿಲ್ಲ. ಹಣ್ಣಿನ ಪದರಗಳ ನಡುವೆ ಬೆಣ್ಣೆ ಕಾಗದ ಹಾಕಿ.

ನಿಧಾನ ಪಾಕದಲ್ಲಿ ಕೊನೆಗೆ ಅರ್ಧ ಲೀಟರಿನಷ್ಟು ಪಾಕ ಉಳಿಯುತ್ತದೆ. ಅನಾನಸಿನದಾದರೆ ಲಿಂಬೆ ಹಿಂಡಿ ನಾಲ್ಕು ಪಾಲು ನೀರು ಬೆರೆಸಿದರೆ ಒಳ್ಳೆಯ ಶರಬತ್ತು. ಶುಂಠಿಯದನ್ನು ಚಹಾಕ್ಕೆ ಹಾಕಿ. ಚಕ್ಕೋತದ್ದು ಸ್ವಲ್ಪ ಕಹಿ ಇರುತ್ತದೆ. ಕೇಕ್ ಒಲೆಯಿಂದ ಇಳಿಸಿದ ಕೂಡಲೇ ಅದರ ಮೇಲೆ ಮೂರು ನಾಲ್ಕು ಚಮಚ ಹನಿಸಿದರೆ ಆ ಕಹಿಯೇ ಅಲ್ಲಿ ಹದವಾಗಿ ಕೂರುತ್ತದೆ.